ಫಿಲ್ಟರ್ ಕೊಳ್ಳುವ ಮೊದಲು ನೀರನ್ನು ಓದಿ: ಮನೆಯಲ್ಲಿ ಬಿಯರ್ ತಯಾರಿಸುವವರಿಗೊಂದು ಮಾರ್ಗದರ್ಶಿ

ಮನೆಯಲ್ಲಿ ಬಿಯರ್ ತಯಾರಿಸಲು ತೊಡಗಿದ ಮೊದಲ ವರ್ಷ ನನ್ನ ಬಹುತೇಕ ಬ್ಯಾಚ್‌ಗಳಲ್ಲಿ ಒಂದೇ ವಾಸನೆ ಸುಳಿಯುತ್ತಿತ್ತು. ಗಾಯಕ್ಕೆ ಅಂಟಿಸಿದ ಪಟ್ಟಿಯನ್ನು ಬಿಚ್ಚಿದಾಗ ಮೂಗಿಗೆ ಬಡಿಯುವಂಥ ವಾಸನೆ. ಯೀಸ್ಟ್ ಬದಲಿಸಿದೆ, ಪಾತ್ರೆಗಳನ್ನು ಮತ್ತೆ ಮತ್ತೆ ತೊಳೆದೆ, ಕೊಳವೆಗಳನ್ನೆಲ್ಲ ಹೊಸದಾಗಿ ತಂದೆ. ವಾಸನೆ ಹೋಗಲಿಲ್ಲ. ಕೊನೆಗೆ ತಿಳಿದದ್ದು ಇಷ್ಟೇ: ನಲ್ಲಿಯ ನೀರಿನಲ್ಲಿದ್ದ ಕ್ಲೋರಿನ್, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಫೀನಾಲ್‌ಗಳೊಂದಿಗೆ ಕೂಡಿ ಕ್ಲೋರೋಫೀನಾಲ್ ಆಗುತ್ತಿತ್ತು. ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗದಷ್ಟಿದ್ದರೂ ನಾಲಿಗೆ ಅದನ್ನು ಗುರುತಿಸುತ್ತದೆ. ಒಮ್ಮೆ ಬಿಯರಿನಲ್ಲಿ ಸೇರಿತೆಂದರೆ ಕುದಿಸಿದರೂ ಹೋಗದು, ತಿಂಗಳುಗಟ್ಟಲೆ ಇಟ್ಟರೂ ಹೋಗದು.

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಆದರೂ ಮಾಲ್ಟ್, ಕಹಿ ಕೊಡುವ ಹಾಪ್ಸ್ ಹೂ, ಯೀಸ್ಟ್‌ಗಳ ಬಗ್ಗೆ ಗಂಟೆಗಟ್ಟಲೆ ಓದುವ ನಾವು ನೀರಿನ ವಿಷಯ ಬಂದಾಗ ಅಂಗಡಿಯವರು ತೋರಿಸಿದ ಫಿಲ್ಟರನ್ನು ಹೊತ್ತು ತರುತ್ತೇವೆ. ಅದು ಎಷ್ಟೋ ಸಲ ನಮ್ಮ ನೀರಿನಲ್ಲಿ ಇಲ್ಲದ ರೋಗಕ್ಕೆ ಮದ್ದಾಗಿರುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ. ಫಿಲ್ಟರನ್ನು ಆರಿಸಬೇಕಾದದ್ದು ನೀರಿನ ದೋಷವನ್ನು ನೋಡಿ. ಆದ್ದರಿಂದ ಈ ಲೇಖನದ ಮೊದಲ ಹೆಜ್ಜೆಗಳಲ್ಲಿ ಯಾವ ಯಂತ್ರದ ಮಾತೂ ಇಲ್ಲ. ಮನೆಯಲ್ಲಿ ಬಿಯರ್ ತಯಾರಿಸಲು ಕಾನೂನು ಅವಕಾಶ ಕೊಟ್ಟಿರುವ ಕಡೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನೀರಿನ ವರದಿ ತರಿಸಿಕೊಳ್ಳಿ

ನೀರು ಸರಬರಾಜು ಮಾಡುವ ಸಂಸ್ಥೆಯಿಂದ ಬರುವ ನಲ್ಲಿ ನೀರಾದರೆ, ಅದರ ಗುಣಮಟ್ಟದ ವರದಿಯನ್ನು ಅವರಿಂದಲೇ ಕೇಳಿ ಪಡೆಯಿರಿ. ಕೊಳವೆಬಾವಿಯ ಅಥವಾ ತೆರೆದ ಬಾವಿಯ ನೀರಾದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ವರದಿಯಲ್ಲಿ ಹತ್ತಾರು ಸಾಲುಗಳಿರುತ್ತವೆ. ಬಿಯರಿಗೆ ಬೇಕಾದದ್ದು ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಸಲ್ಫೇಟ್, ಕ್ಲೋರೈಡ್ ಮತ್ತು ಕ್ಷಾರೀಯತೆ. ಜೊತೆಗೆ ಕಬ್ಬಿಣ, ಮ್ಯಾಂಗನೀಸ್ ಮತ್ತು ನೈಟ್ರೇಟ್ ಎಷ್ಟಿವೆ ಎಂದು ಗಮನಿಸಿ. ನೀರನ್ನು ಕ್ಲೋರಿನ್‌ನಿಂದ ಶುದ್ಧಗೊಳಿಸುತ್ತಾರೋ ಕ್ಲೋರಮೈನ್‌ನಿಂದಲೋ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಿ. ಫಿಲ್ಟರಿನ ಆಯ್ಕೆಯಲ್ಲಿ ಆ ಒಂದು ಉತ್ತರದ ಪಾತ್ರ ದೊಡ್ಡದು.

ವರದಿ ಓದುವಾಗ ಜನ ಎಡವುವ ಜಾಗಗಳು ಮೂರು. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ ಕೊಟ್ಟಿದ್ದರೆ ಅದೇ ಕ್ಯಾಲ್ಸಿಯಂ ಎಂದು ಭಾವಿಸಬಾರದು. ಕ್ಯಾಲ್ಸಿಯಂ ಗಡಸುತನವನ್ನು 0.4ರಿಂದ ಗುಣಿಸಿದರೆ ನಿಜವಾದ ಕ್ಯಾಲ್ಸಿಯಂ ಸಿಗುತ್ತದೆ. ಬೈಕಾರ್ಬೋನೇಟ್ ಎಂದು ಕೊಟ್ಟಿದ್ದರೆ ಅದನ್ನು 0.82ರಿಂದ ಗುಣಿಸಿ, ಆಗ ಕ್ಷಾರೀಯತೆ ದೊರೆಯುತ್ತದೆ. ಕೆಲವು ಪ್ರಯೋಗಾಲಯಗಳು ಸಲ್ಫೇಟನ್ನು ಗಂಧಕದ ಲೆಕ್ಕದಲ್ಲಿ ಕೊಡುತ್ತವೆ, ಅದನ್ನು ಮೂರರಿಂದ ಗುಣಿಸಬೇಕು. ಈ ಸಣ್ಣ ಲೆಕ್ಕಗಳನ್ನು ಬಿಟ್ಟವರು ಆಮೇಲೆ ಲವಣ ಸೇರಿಸುವಾಗ ಎರಡು ಮೂರು ಪಟ್ಟು ತಪ್ಪುತ್ತಾರೆ.

ಟಿಡಿಎಸ್ ಮೀಟರ್ ಮನೆಯಲ್ಲಿದ್ದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂಬ ಅಂದಾಜನ್ನು ಅದು ಕೊಡುತ್ತದೆ, ಯಾವ ಲವಣ ಎಂಬುದನ್ನು ಹೇಳುವುದಿಲ್ಲ. 300 ಎಂದು ತೋರಿಸುವ ಎರಡು ನೀರುಗಳಲ್ಲಿ ಒಂದು ಜಿಪ್ಸಂನಿಂದ (ಕ್ಯಾಲ್ಸಿಯಂ ಸಲ್ಫೇಟ್) ತುಂಬಿದ, ಕಹಿ ಬಿಯರಿಗೆ ಹೇಳಿ ಮಾಡಿಸಿದ ನೀರಾಗಿರಬಹುದು. ಇನ್ನೊಂದು ಬೈಕಾರ್ಬೋನೇಟಿನಿಂದ ತುಂಬಿ ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತ) ಕೆಡಿಸುವ ನೀರಾಗಿರಬಹುದು. ಕ್ಲೋರಿನ್ ಇದೆಯೋ ಇಲ್ಲವೋ ಎಂಬುದಂತೂ ಆ ಮೀಟರಿಗೆ ತಿಳಿಯುವುದೇ ಇಲ್ಲ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂದ ನೀರಿನಿಂದ ಬಿಯರ್ ಮಾಡಬೇಡಿ. ಕುದಿಸುವುದರಿಂದ ಸೂಕ್ಷ್ಮಜೀವಿಗಳು ಸಾಯುತ್ತವೆ ನಿಜ. ಆದರೆ ನೈಟ್ರೇಟ್, ಆರ್ಸೆನಿಕ್, ಫ್ಲೋರೈಡ್‌ಗಳು ಅಲ್ಲೇ ಉಳಿಯುತ್ತವೆ. ನೀರು ಆವಿಯಾದಷ್ಟೂ ಅವು ಇನ್ನಷ್ಟು ಸಾಂದ್ರವಾಗುತ್ತವೆ.

ಹೆಜ್ಜೆ 2: ನಿಮ್ಮ ವಿಧಾನ ಮತ್ತು ಪ್ರಮಾಣ ಗೊತ್ತುಮಾಡಿಕೊಳ್ಳಿ

ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮಾಲ್ಟಿನ ಸಿದ್ಧ ಪಾಕ ಅಥವಾ ಪುಡಿ) ಬಳಸಿ ಬಿಯರ್ ಮಾಡುವವರು ಸುಖಿಗಳು. ಎಕ್ಸ್‌ಟ್ರ್ಯಾಕ್ಟ್ ತಯಾರಿಸಿದವರು ಮ್ಯಾಶ್ ಕೆಲಸವನ್ನು ಆಗಲೇ ಮುಗಿಸಿದ್ದಾರೆ, ಅವರ ನೀರಿನ ಲವಣಗಳೂ ಅದರಲ್ಲೇ ಇವೆ. ಅಂಥವರು ಕ್ಲೋರಿನ್ ತೆಗೆದರೆ ಸಾಕು, ಹೆಜ್ಜೆ 3ನ್ನು ಓದಿ ನಿಲ್ಲಿಸಬಹುದು. ಧಾನ್ಯದಿಂದಲೇ ಶುರುಮಾಡುವವರಿಗೆ ಲವಣಗಳ ಲೆಕ್ಕವೂ ಬೇಕು.

ಪ್ರಮಾಣದ ವಿಷಯಕ್ಕೆ ಬಂದರೆ, 20 ಲೀಟರ್ ಬಿಯರಿಗೆ ಧಾನ್ಯದ ವಿಧಾನದಲ್ಲಿ 30ರಿಂದ 35 ಲೀಟರ್ ನೀರು ಬೇಕಾಗುತ್ತದೆ. ಧಾನ್ಯ ಹೀರಿಕೊಳ್ಳುವುದು, ಕುದಿಯುವಾಗ ಆವಿಯಾಗುವುದು, ಪಾತ್ರೆಯ ತಳದಲ್ಲಿ ಉಳಿಯುವುದು ಎಲ್ಲ ಸೇರಿ ಅಷ್ಟಾಗುತ್ತದೆ. ಫಿಲ್ಟರ್ ಎಷ್ಟು ದೊಡ್ಡದಿರಬೇಕು, ಎಷ್ಟು ವೇಗವಾಗಿರಬೇಕು ಎಂಬುದನ್ನು ಈ ಸಂಖ್ಯೆಯಿಂದ ನಿರ್ಧರಿಸಿ. ಅಡುಗೆಮನೆಯ ಜಗ್ ಫಿಲ್ಟರ್ ರುಚಿಯನ್ನು ಸುಧಾರಿಸುತ್ತದೆ, ಆದರೆ ಎರಡೆರಡು ಲೀಟರಿನಂತೆ 35 ಲೀಟರ್ ಸೋಸುತ್ತಾ ಕೂರಲು ಯಾರಿಗೂ ಸಾಧ್ಯವಿಲ್ಲ.

ಹೆಜ್ಜೆ 3: ಮೊದಲು ಕ್ಲೋರಿನ್ ತೆಗೆಯಿರಿ

ಸರಬರಾಜು ನೀರು ಬಳಸುವ ಪ್ರತಿಯೊಬ್ಬರಿಗೂ ಅನ್ವಯಿಸುವ ಹೆಜ್ಜೆ ಇದೊಂದೇ. ಉಳಿದವನ್ನೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಬಿಡಿ ಕ್ಲೋರಿನ್ ಚಂಚಲ ಸ್ವಭಾವದ್ದು. ನೀರನ್ನು ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹೊರಟುಹೋಗುತ್ತದೆ, ಕುದಿಸಿದರೆ ಬೇಗನೆ ಹೋಗುತ್ತದೆ. ಕ್ಲೋರಮೈನ್ ಹಾಗಲ್ಲ. ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆದ ಈ ಸಂಯುಕ್ತವನ್ನು ಸರಬರಾಜು ಸಂಸ್ಥೆಗಳು ಆರಿಸುವುದೇ ಅದು ಉದ್ದನೆಯ ಕೊಳವೆಗಳಲ್ಲಿ ಹೆಚ್ಚು ಕಾಲ ಉಳಿಯಲಿ ಎಂದು. ತೆರೆದಿಟ್ಟರೆ ಅದು ಕದಲುವುದಿಲ್ಲ, ಸಾಮಾನ್ಯ ಕುದಿತಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ನಿಮ್ಮ ನೀರಿನಲ್ಲಿ ಯಾವುದಿದೆ ಎಂದು ತಿಳಿಯಲು ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಬಿಡಿ ಕ್ಲೋರಿನ್ ಮತ್ತು ಒಟ್ಟು ಕ್ಲೋರಿನ್ ಎರಡನ್ನೂ ಅಳೆಯುವಂಥದ್ದನ್ನು ತನ್ನಿ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಅದು ಕ್ಲೋರಮೈನ್ ಇರುವ ಸೂಚನೆ.

ತೆಗೆಯಲು ಎರಡು ದಾರಿಗಳಿವೆ. ಮೊದಲನೆಯದಕ್ಕೆ ಯಾವ ಫಿಲ್ಟರೂ ಬೇಡ. ಕ್ಯಾಂಪ್ಡೆನ್ ಮಾತ್ರೆ ಎಂದು ಸಿಗುವ ಪೊಟ್ಯಾಷಿಯಂ ಅಥವಾ ಸೋಡಿಯಂ ಮೆಟಾಬೈಸಲ್ಫೈಟ್‌ನ ಒಂದು ಮಾತ್ರೆ ಸುಮಾರು 75 ಲೀಟರ್ ನೀರಿಗೆ ಸಾಕು. 35 ಲೀಟರಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ಹಾಕಿ, ಚೆನ್ನಾಗಿ ಕಲಕಿ, ಹತ್ತು ನಿಮಿಷ ಬಿಡಿ. ಕ್ಲೋರಿನ್, ಕ್ಲೋರಮೈನ್ ಎರಡೂ ಅಷ್ಟರಲ್ಲಿ ಮುಗಿದಿರುತ್ತವೆ. ಉಳಿಯುವುದು ಅತ್ಯಲ್ಪ ಸಲ್ಫೇಟ್ ಮತ್ತು ಕ್ಲೋರೈಡ್, ಕ್ಲೋರಮೈನ್ ಇದ್ದರೆ ಚಿಟಿಕೆಯಷ್ಟು ಅಮೋನಿಯಂ. ಅವುಗಳಿಂದ ರುಚಿಗೆ ತೊಂದರೆಯಿಲ್ಲ. ನಿಮ್ಮ ನೀರಿನ ಬೇರೆಲ್ಲ ಸಂಖ್ಯೆಗಳು ಚೆನ್ನಾಗಿದ್ದರೆ ನಾನು ಮನಸಾರೆ ಹೇಳುವುದು ಇದನ್ನೇ. ಸಲ್ಫೈಟ್ ಒಗ್ಗದವರು ಮನೆಯಲ್ಲಿದ್ದರೆ ಮಾತ್ರ ಈ ದಾರಿ ಬಿಟ್ಟು ಮುಂದಿನದನ್ನು ಹಿಡಿಯಿರಿ.

ಎರಡನೆಯದು ಸಕ್ರಿಯ ಇದ್ದಿಲಿನ ಫಿಲ್ಟರ್, ಅಂದರೆ ಕಾರ್ಬನ್ ಫಿಲ್ಟರ್. ಇದರಲ್ಲಿ ಎರಡು ಬಗೆ. ಒಂದರಲ್ಲಿ ಇದ್ದಿಲ ಹರಳುಗಳು ಸಡಿಲವಾಗಿ ತುಂಬಿರುತ್ತವೆ. ಇನ್ನೊಂದರಲ್ಲಿ ಇದ್ದಿಲ ಪುಡಿಯನ್ನು ಒತ್ತಿ ಗಟ್ಟಿ ಬ್ಲಾಕ್ ಮಾಡಿರುತ್ತಾರೆ. ಹರಳಿನ ಬಗೆಯಲ್ಲಿ ನೀರು ಸುಲಭವಾದ ಹಾದಿ ಹುಡುಕಿಕೊಂಡು, ಹೆಚ್ಚಿನ ಇದ್ದಿಲನ್ನು ಮುಟ್ಟದೆ ನುಸುಳಿ ಹೋಗುವ ಸಂಭವವಿದೆ. ಬ್ಲಾಕ್‌ನಲ್ಲಿ ಆ ಭಯ ಕಡಿಮೆ. ಎರಡೂ ಒಂದೇ ಗಾತ್ರದಲ್ಲಿ ಸಿಗುವುದಾದರೆ ಬ್ಲಾಕ್ ತೆಗೆದುಕೊಳ್ಳಿ. ಕ್ಲೋರಮೈನ್ ಇದ್ದರೆ ಅದಕ್ಕೆಂದೇ ಮಾಡಿದ ಕ್ಯಾಟಲಿಟಿಕ್ ಕಾರ್ಬನ್ ಇನ್ನೂ ಮೇಲು.

ಈಗ ಅತಿ ಮುಖ್ಯ ಮಾತು: ವೇಗ. ಇದ್ದಿಲು ಜರಡಿಯಂತೆ ಹಿಡಿದು ನಿಲ್ಲಿಸುವ ವಸ್ತುವಲ್ಲ. ಅದರ ಮೈಮೇಲೆ ರಾಸಾಯನಿಕ ಕ್ರಿಯೆ ನಡೆಯಬೇಕು, ಅದಕ್ಕೆ ನೀರು ಅಲ್ಲಿ ತುಸು ಹೊತ್ತು ತಂಗಬೇಕು. 10 ಇಂಚಿನ ಸಾಮಾನ್ಯ ಕಾರ್ಟ್ರಿಜ್ ಮೂಲಕ ಕ್ಲೋರಿನ್ ತೆಗೆಯಲು ಹರಿವು ನಿಮಿಷಕ್ಕೆ 4 ಲೀಟರ್ ಮೀರದಂತೆ ನೋಡಿಕೊಳ್ಳಿ. ಕ್ಲೋರಮೈನ್ ಆದರೆ ಅದರ ಹತ್ತನೇ ಒಂದು ಭಾಗ, ಅಂದರೆ ನಿಮಿಷಕ್ಕೆ 400 ಮಿಲಿಲೀಟರ್ ಆಸುಪಾಸು. ಆ ಲೆಕ್ಕದಲ್ಲಿ 30 ಲೀಟರಿಗೆ ಒಂದೂಕಾಲು ಗಂಟೆ ಬೇಕು. ಎಷ್ಟೋ ಜನ ಒಳ್ಳೆಯ ಫಿಲ್ಟರ್ ತಂದು, ನಲ್ಲಿಯನ್ನು ಪೂರ್ತಿ ತಿರುಗಿಸಿ, ಐದೇ ನಿಮಿಷದಲ್ಲಿ ಪಾತ್ರೆ ತುಂಬಿಸಿಕೊಂಡು, ಬಿಯರ್ ಕೆಟ್ಟಾಗ ಫಿಲ್ಟರನ್ನು ದೂರುತ್ತಾರೆ. ಅಳತೆಯ ಲೋಟ ಹಿಡಿದು ಒಂದು ನಿಮಿಷದಲ್ಲಿ ಎಷ್ಟು ನೀರು ಬೀಳುತ್ತದೆ ಎಂದು ನೋಡಿ, ನಲ್ಲಿಯ ಹಿಡಿಯ ಆ ಸ್ಥಾನಕ್ಕೆ ಗುರುತು ಹಾಕಿ. ಬಿಯರ್ ಮಾಡುವ ಹಿಂದಿನ ರಾತ್ರಿಯೇ ನೀರು ಹಿಡಿದಿಟ್ಟರೆ ಕಾಯುವ ಬೇಸರವಿಲ್ಲ.

ನೀರಿನಲ್ಲಿ ಮಣ್ಣು, ತುಕ್ಕು, ಮಡ್ಡಿ ಬರುತ್ತಿದ್ದರೆ ಕಾರ್ಬನ್ ಮುಂದೆ 5 ಮೈಕ್ರಾನ್‌ನ ಮಡ್ಡಿ ಫಿಲ್ಟರ್ ಹಾಕಿ. ಅದು ಕಾರ್ಬನ್ ರಂಧ್ರಗಳು ಬೇಗ ಕಟ್ಟಿಕೊಳ್ಳದಂತೆ ಕಾಯುತ್ತದೆ. ಒಂದರ ಪಕ್ಕ ಒಂದು ಜೋಡಿಸಿದ ಎರಡು ಕವಚಗಳ ಘಟಕ ಬಹಳ ಮನೆಗಳಿಗೆ ಸಾಕಾಗುವ ಏರ್ಪಾಡು. ಸೋಸಿದ ನೀರನ್ನು ಮತ್ತೆ ಒಟ್ಟು ಕ್ಲೋರಿನ್ ಪಟ್ಟಿಯಿಂದ ಪರೀಕ್ಷಿಸಿ. ಸೊನ್ನೆ ಬಂದರೆ ಮಾತ್ರ ಒಪ್ಪಿಕೊಳ್ಳಿ.

ಹೆಜ್ಜೆ 4: ಕ್ಷಾರೀಯತೆಯನ್ನು ತೂಗಿ ನೋಡಿ

ಕಾರ್ಬನ್ ಫಿಲ್ಟರ್ ಕರಗಿದ ಲವಣಗಳನ್ನು ಮುಟ್ಟುವುದಿಲ್ಲ. ಕ್ಯಾಲ್ಸಿಯಂ ಎಷ್ಟಿತ್ತೋ ಅಷ್ಟೇ ಇರುತ್ತದೆ, ಬೈಕಾರ್ಬೋನೇಟ್ ಎಷ್ಟಿತ್ತೋ ಅಷ್ಟೇ ಇರುತ್ತದೆ. ಇದು ಗೊತ್ತಾಗದೆ ಗಡಸು ನೀರಿಗೆ ಕಾರ್ಬನ್ ಮೇಲೆ ಕಾರ್ಬನ್ ಜೋಡಿಸಿದವರನ್ನು ಕಂಡಿದ್ದೇನೆ.

ಧಾನ್ಯದಿಂದ ಬಿಯರ್ ಮಾಡುವವರಿಗೆ ವರದಿಯಲ್ಲಿ ಅತಿ ಮುಖ್ಯ ಸಂಖ್ಯೆ ಕ್ಷಾರೀಯತೆ. ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯೇ ಅದು. ಬಿಸಿನೀರಿನಲ್ಲಿ ನೆನೆದ ಮಾಲ್ಟ್ ತಂತಾನೇ ಆಮ್ಲೀಯತೆಯ ಕಡೆ ಸಾಗುತ್ತದೆ. ಮ್ಯಾಶ್‌ನ ಪಿಎಚ್ 5.2ರಿಂದ 5.6ರ ನಡುವೆ ನಿಂತರೆ ಕಿಣ್ವಗಳ ಕೆಲಸ, ಬಿಯರಿನ ತಿಳಿ, ರುಚಿ ಎಲ್ಲವೂ ಸುಸೂತ್ರ. ಕ್ಷಾರೀಯತೆ ಹೆಚ್ಚಿದ್ದರೆ ಪಿಎಚ್ ಮೇಲೆಯೇ ಉಳಿದು, ಹೊಟ್ಟಿನಿಂದ ಒಗರು ಇಳಿಯುತ್ತದೆ, ಹಾಪ್ಸ್‌ನ ಕಹಿ ಒರಟಾಗುತ್ತದೆ. ಹುರಿದ ಕಪ್ಪು ಮಾಲ್ಟ್ ಮಾತ್ರ ಸ್ವತಃ ಆಮ್ಲೀಯವಾದ್ದರಿಂದ ಸ್ವಲ್ಪ ಕ್ಷಾರವನ್ನು ತಾಳಿಕೊಳ್ಳುತ್ತದೆ. ಡಬ್ಲಿನ್‌ನ ಕ್ಷಾರದ ನೀರು ಕಪ್ಪು ಸ್ಟೌಟ್ ಬಿಯರಿಗೆ ಒಗ್ಗಿದ್ದೂ, 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್‌ನಲ್ಲಿ ಹುಟ್ಟಿದ ಹೊಂಬಣ್ಣದ ಲಾಗರ್ ಬಿಯರಿಗೆ ಆ ಊರಿನ ಅತಿ ಮೆದು ನೀರು ಒದಗಿಬಂದದ್ದೂ ಇದೇ ಕಾರಣಕ್ಕೆ.

ಜರ್ಮನ್ ವಿಜ್ಞಾನಿ ಪಾಲ್ ಕೋಲ್ಬಾಖ್ 1953ರಲ್ಲಿ ಕೊಟ್ಟ ಉಳಿಕೆ ಕ್ಷಾರೀಯತೆಯ ಸೂತ್ರ ಇಂದಿಗೂ ನಮ್ಮ ಕೈಗೋಲು. ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ಮಾಲ್ಟಿನ ಫಾಸ್ಫೇಟ್‌ಗಳ ಜೊತೆ ಸೇರಿ ಕ್ಷಾರದ ಒಂದಷ್ಟು ಪಾಲನ್ನು ಕಳೆಯುತ್ತವೆ ಎಂಬುದು ಅದರ ತಿರುಳು. ಲೆಕ್ಕ ಹೀಗೆ: ಕ್ಯಾಲ್ಸಿಯಂ ಕಾರ್ಬೋನೇಟ್ ರೂಪದ ಕ್ಷಾರೀಯತೆಯಿಂದ, ಕ್ಯಾಲ್ಸಿಯಂ ಅನ್ನು 1.4ರಿಂದ ಭಾಗಿಸಿ ಬಂದದ್ದನ್ನೂ ಮೆಗ್ನೀಷಿಯಂ ಅನ್ನು 1.7ರಿಂದ ಭಾಗಿಸಿ ಬಂದದ್ದನ್ನೂ ಕಳೆಯಿರಿ. ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿರಲಿ. ಉದಾಹರಣೆಗೆ ಕ್ಷಾರೀಯತೆ 250, ಕ್ಯಾಲ್ಸಿಯಂ 60, ಮೆಗ್ನೀಷಿಯಂ 20 ಇದ್ದರೆ 250ರಿಂದ 43 ಮತ್ತು 12 ಕಳೆದು ಉಳಿಯುವುದು 195. ತಿಳಿ ಬಣ್ಣದ ಬಿಯರಿಗೆ ಇದು ಸೊನ್ನೆಯ ಹತ್ತಿರ ಅಥವಾ ಕೆಳಗಿರಬೇಕು. ಕಡು ಬಣ್ಣದ ಬಿಯರಿಗೆ 100ರ ಆಸುಪಾಸು ನಡೆಯುತ್ತದೆ. 195 ಯಾವುದಕ್ಕೂ ಭಾರ.

ಉಳಿಕೆ ಕ್ಷಾರೀಯತೆ 50ರ ಒಳಗಿದ್ದರೆ ದೊಡ್ಡ ಯಂತ್ರ ಬೇಡ. ಕಾರ್ಬನ್ ಫಿಲ್ಟರ್, ಜೊತೆಗೆ ಕೆಲವು ಮಿಲಿಲೀಟರ್ ಲ್ಯಾಕ್ಟಿಕ್ ಆಮ್ಲ, ಅಷ್ಟೇ. 50ರಿಂದ 100ರವರೆಗೆ ಇದ್ದರೆ ನೀವು ಯಾವ ಬಣ್ಣದ ಬಿಯರ್ ಹೆಚ್ಚು ಮಾಡುತ್ತೀರಿ ಎಂಬುದನ್ನು ನೋಡಿ ನಿರ್ಧರಿಸಿ. ಅದಕ್ಕೂ ಮೇಲಾದರೆ ಆಮ್ಲದಿಂದಲೇ ಸರಿಪಡಿಸಲು ಹೋದಾಗ ಹುಳಿ ನಾಲಿಗೆಗೆ ತಿಳಿಯತೊಡಗುತ್ತದೆ. ಆಗ ಪೊರೆಯ ಮೂಲಕ ಲವಣ ತೆಗೆಯುವ ಆರ್‌ಓ (ರಿವರ್ಸ್ ಆಸ್ಮೋಸಿಸ್) ಕಡೆ ತಿರುಗಬೇಕು. ಸೋಡಿಯಂ, ಸಲ್ಫೇಟ್ ಅಥವಾ ಕ್ಲೋರೈಡ್ ವಿಪರೀತ ಹೆಚ್ಚಿದ್ದರೂ ಮನೆಮಟ್ಟದಲ್ಲಿ ಸುಲಭದ ಪರಿಹಾರ ಅದೇ.

ಮನೆಗೆ ಸಾಫ್ಟ್‌ನರ್ ಹಾಕಿಸಿದ್ದರೆ ಆ ನೀರನ್ನು ಹಾಗೆಯೇ ಮ್ಯಾಶ್‌ಗೆ ಬಳಸಬೇಡಿ. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದುಕೊಂಡು ಅವುಗಳ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಗಡಸುತನ 300 ಇದ್ದ ನೀರಿಗೆ ಸುಮಾರು 138 ಮಿಲಿಗ್ರಾಂ ಸೋಡಿಯಂ ಸೇರಿಕೊಳ್ಳುತ್ತದೆ. ಕ್ಷಾರೀಯತೆ ಮಾತ್ರ ಒಂದಿಷ್ಟೂ ಇಳಿಯುವುದಿಲ್ಲ. ನಮಗೆ ಬೇಕಾದದ್ದನ್ನು ತೆಗೆದು, ಬೇಡವಾದದ್ದನ್ನು ಉಳಿಸುವ ಯಂತ್ರ ಅದು. ಬಟ್ಟೆ ಒಗೆಯಲು, ಸ್ನಾನಕ್ಕೆ ಒಳ್ಳೆಯದು. ಆರ್‌ಓ ಪೊರೆಯ ಮುಂದೆ ಇದ್ದರೆ ಪೊರೆಗೆ ಸುಣ್ಣ ಕಟ್ಟದಂತೆ ಕಾಯುತ್ತದೆ ಎಂಬ ಉಪಕಾರವೂ ಇದೆ. ಕ್ಷಾರೀಯ ನೀರು ಕೊಡುವ ಯಂತ್ರಗಳೂ ನಮ್ಮ ಕೆಲಸಕ್ಕೆ ತದ್ವಿರುದ್ಧ.

ಯುವಿ ದೀಪದ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಲವಣಗಳ ಮೇಲೆ ಪರಿಣಾಮವಿಲ್ಲ. ವರ್ಟ್ (ಮಾಲ್ಟಿನಿಂದ ಬಸಿದ ಸಿಹಿ ರಸ) ಹೇಗೂ ಒಂದು ಗಂಟೆ ಕುದಿಯುವುದರಿಂದ ಬಿಯರಿಗಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ.

ಬಾವಿ ನೀರಿನಲ್ಲಿ ಕಬ್ಬಿಣ 0.3 ಮಿಲಿಗ್ರಾಂ ಮೀರಿದ್ದರೆ ಬಿಯರಿನಲ್ಲಿ ಲೋಹದ, ರಕ್ತದಂಥ ರುಚಿ ಬರುತ್ತದೆ. ಕರಗಿದ ಕಬ್ಬಿಣ ಕಾರ್ಬನ್‌ಗೆ ಸಿಗುವುದಿಲ್ಲ. ಆರ್‌ಓ ಅದನ್ನು ತೆಗೆದರೂ ಪೊರೆ ಬೇಗ ಹಾಳಾಗುತ್ತದೆ. ಹಾಗಾಗಿ ಕಬ್ಬಿಣವನ್ನು ಉತ್ಕರ್ಷಿಸಿ ಹಿಡಿಯುವ ಪ್ರತ್ಯೇಕ ಫಿಲ್ಟರ್ ಮುಂಚಿತವಾಗಿ ಬೇಕು.

ಹೆಜ್ಜೆ 5: ಆರ್‌ಓ ಬೇಕಾದರೆ ಹೀಗೆ ಆರಿಸಿ

ಆರ್‌ಓ ಪೊರೆಯ ಮೂಲಕ ಒತ್ತಡದಲ್ಲಿ ನೀರನ್ನು ಹಾಯಿಸಿದಾಗ ಕರಗಿದ ಲವಣಗಳಲ್ಲಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ಹಿಂದೆ ಉಳಿಯುತ್ತವೆ. ಬರೆದು ಅಳಿಸಿದ ಹಲಗೆಯಂಥ ನೀರು ಕೈಗೆ ಬರುತ್ತದೆ. ಅದರ ಮೇಲೆ ಯಾವ ಊರಿನ ನೀರನ್ನಾದರೂ ಮತ್ತೆ ಬರೆಯಬಹುದು. ಧಾನ್ಯದ ಬಿಯರ್ ಮಾಡುವವನಾಗಿ ನನಗೆ ಇದಕ್ಕಿಂತ ಸಂತೋಷ ಕೊಟ್ಟ ಸಾಧನ ಇನ್ನೊಂದಿಲ್ಲ. ಆದರೆ ಕೊಳ್ಳುವ ಮುನ್ನ ನೋಡಬೇಕಾದ ಸಂಗತಿಗಳು ಸಾಕಷ್ಟಿವೆ.

ಮೊದಲನೆಯದು ವೇಗ. ಪೊರೆಗಳ ಮೇಲೆ ದಿನಕ್ಕೆ ಇಷ್ಟು ಗ್ಯಾಲನ್ ಎಂದು ಬರೆದಿರುತ್ತದೆ. 75 ಗ್ಯಾಲನ್ ಎಂದರೆ ದಿನಕ್ಕೆ ಸುಮಾರು 284 ಲೀಟರ್, ಗಂಟೆಗೆ 12 ಲೀಟರಿಗಿಂತ ತುಸು ಕಡಿಮೆ. 100 ಗ್ಯಾಲನ್ ಎಂದರೆ ಗಂಟೆಗೆ 16 ಲೀಟರ್ ಹತ್ತಿರ. ಈ ಸಂಖ್ಯೆ 25 ಡಿಗ್ರಿ ಸೆಲ್ಸಿಯಸ್ ನೀರಿಗೆ, ನಿಗದಿತ ಒತ್ತಡಕ್ಕೆ ಕೊಟ್ಟದ್ದು. ನೀರು ತಣ್ಣಗಾದಂತೆ ಪ್ರತಿ ಡಿಗ್ರಿಗೂ ಸರಿಸುಮಾರು ನೂರಕ್ಕೆ ಮೂರರಷ್ಟು ಇಳಿಯುತ್ತದೆ. 15 ಡಿಗ್ರಿಯ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗಿಬಿಡುತ್ತದೆ. ಪೆಟ್ಟಿಗೆಯ ಮೇಲಿನ ಲೆಕ್ಕದಲ್ಲಿ ಮೂರು ಗಂಟೆ ಎಂದಾದರೆ ಐದು ಗಂಟೆ ಎಂದುಕೊಂಡು ಸಿದ್ಧರಾಗಿ.

ಒತ್ತಡ 40 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡ್ ಲೆಕ್ಕ) ಕೆಳಗಿದ್ದರೆ ಪೊರೆ ಸರಿಯಾಗಿ ಕೆಲಸ ಮಾಡದು. ನೀರೂ ನಿಧಾನವಾಗುತ್ತದೆ, ಶುದ್ಧತೆಯೂ ಇಳಿಯುತ್ತದೆ. ಮನೆಯ ಮೇಲಿನ ತೊಟ್ಟಿಯಿಂದ ಇಳಿಯುವ ನೀರಿಗೆ ಅಷ್ಟು ಒತ್ತಡ ಇರುವುದೇ ಇಲ್ಲ. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಸುಮಾರು 14 ಪಿಎಸ್‌ಐ ಮಾತ್ರ. ಅಂಥಲ್ಲಿ ಬೂಸ್ಟರ್ ಪಂಪ್ ಇರುವ ಘಟಕವನ್ನೇ ಕೊಳ್ಳಿ.

ಮೂರನೆಯದು ಚೆಲ್ಲಿಹೋಗುವ ನೀರು. ಹಳೆಯ ಮಾದರಿಗಳಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಮೂರರಿಂದ ನಾಲ್ಕು ಲೀಟರ್ ಹೊರಹೋಗುತ್ತದೆ. 30 ಲೀಟರಿಗೆ 120 ಲೀಟರ್ ಎಂದರೆ ಮನಸ್ಸು ಒಪ್ಪುವ ಮಾತಲ್ಲ. ಒತ್ತಡ ಹೆಚ್ಚಿಸುವ ಪಂಪ್, ಕಡಿಮೆ ನೀರು ಚೆಲ್ಲುವಂತೆ ವಿನ್ಯಾಸ ಮಾಡಿದ ಪೊರೆ ಇರುವ ಘಟಕಗಳಲ್ಲಿ ಈ ನಷ್ಟ ಬಹಳ ತಗ್ಗಿದೆ. ಕೊಳ್ಳುವಾಗ ಈ ಅನುಪಾತವನ್ನು ಖಂಡಿತ ಕೇಳಿ. ಹೊರಬರುವ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಪಾತ್ರೆ ತೊಳೆಯಲು, ನೆಲ ಒರೆಸಲು, ಕುದಿದ ವರ್ಟನ್ನು ತಣಿಸುವ ಸುರುಳಿಯಲ್ಲಿ ಹಾಯಿಸಲು ಬಳಸಬಹುದು. ಚರಂಡಿಗೆ ಹರಿಯುವ ನೀರನ್ನು ಕಡಿಮೆ ಮಾಡಲೆಂದು ಹರಿವು ತಡೆಯುವ ಸಣ್ಣ ಬಿಡಿಭಾಗವನ್ನು ತಿರುಚಲು ಮಾತ್ರ ಹೋಗಬೇಡಿ. ಪೊರೆಗೆ ತಕ್ಕುದಾದ ಹರಿವು ಇಲ್ಲದಿದ್ದರೆ ಲವಣ ಅಲ್ಲೇ ಕಟ್ಟಿ ಪೊರೆ ಸಾಯುತ್ತದೆ.

ಪೊರೆಯ ಮುಂದೆ ಮಡ್ಡಿ ಫಿಲ್ಟರ್, ಕಾರ್ಬನ್ ಎರಡೂ ಇರಲೇಬೇಕು. ಈಗಿನ ಪೊರೆಗಳನ್ನು ಕ್ಲೋರಿನ್ ನೇರವಾಗಿ ತಿಂದುಹಾಕುತ್ತದೆ. ಪೊರೆಯ ನಂತರ ಖನಿಜ ಸೇರಿಸುವ ಕಾರ್ಟ್ರಿಜ್ ಇರುವ ಮಾದರಿಗಳು ಕುಡಿಯುವ ನೀರಿಗೆ ಸರಿ, ನಮಗೆ ತೊಡಕು. ಎಷ್ಟು ಸೇರಿಸುತ್ತವೆ ಎಂಬುದು ತಿಳಿಯದೆ ಲೆಕ್ಕ ತಪ್ಪುತ್ತದೆ. ಅಂಥದ್ದು ಮನೆಯಲ್ಲಿ ಆಗಲೇ ಇದ್ದರೆ ಆ ಕಾರ್ಟ್ರಿಜ್‌ಗೆ ಮುಂಚೆ ಕವಲೊಡೆಯುವ ‘T’ ಆಕಾರದ ಜೋಡಣೆಯೊಂದನ್ನು ಹಾಕಿಸಿ ಬಿಯರಿನ ನೀರನ್ನು ಅಲ್ಲಿಂದ ತೆಗೆದುಕೊಳ್ಳಿ. ಕೊನೆಯಲ್ಲಿ, ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಸೇರಿಸಿದ ಘಟಕಗಳು ಅಕ್ವೇರಿಯಂ ಸಾಕುವವರಿಗೆ, ಪ್ರಯೋಗಾಲಯಗಳಿಗೆ ಇರಲಿ. ನಮಗೆ ಅಷ್ಟು ಶುದ್ಧತೆಯಿಂದ ಲಾಭವಿಲ್ಲ.

ಸಿಂಕ್ ಕೆಳಗೆ ಇಡುವ ಒತ್ತಡದ ತೊಟ್ಟಿಯಲ್ಲಿ ಕೆಲವೇ ಲೀಟರ್ ಹಿಡಿಸುತ್ತದೆ. ಅದರ ಬದಲು ಆಹಾರ ದರ್ಜೆಯ ದೊಡ್ಡ ಡ್ರಮ್ಮಿಗೆ ತೇಲು ಕವಾಟ ಕೂರಿಸಿ. ನೀರು ತುಂಬಿದೊಡನೆ ಕವಾಟ ಮುಚ್ಚಿಕೊಳ್ಳುತ್ತದೆ, ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು. ಘಟಕದಲ್ಲಿ ಸ್ವಯಂಚಾಲಿತ ಬಂದ್ ಕವಾಟ ಇದ್ದರೆ ಮಾತ್ರ ಇದು ಫಲಿಸುತ್ತದೆ. ಇಲ್ಲದಿದ್ದರೆ ಡ್ರಮ್ ತುಂಬಿದ ಮೇಲೂ ಚರಂಡಿಗೆ ನೀರು ಹರಿಯುತ್ತಲೇ ಇರುತ್ತದೆ.

ಹೆಜ್ಜೆ 6: ಕವಚದ ಮೇಲಿನ ಬರಹ ಓದಿ

ಪ್ರಮಾಣಪತ್ರದ ಸಂಖ್ಯೆಗಳು ಉಪಯುಕ್ತ. ಫಿಲ್ಟರ್‌ಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಎನ್‌ಎಸ್‌ಎಫ್ ಸಂಸ್ಥೆಯ ಮಾನದಂಡ 42 ಎಂದರೆ ಕ್ಲೋರಿನ್, ರುಚಿ, ವಾಸನೆಗೆ ಸಂಬಂಧಿಸಿದ್ದು. 53 ಎಂದರೆ ಸೀಸದಂಥ ಆರೋಗ್ಯಕ್ಕೆ ಹಾನಿ ಮಾಡುವ ವಸ್ತುಗಳಿಗೆ. 58 ಆರ್‌ಓ ಘಟಕಗಳಿಗೆ. 42ರ ಅಡಿಯಲ್ಲೂ ಕ್ಲೋರಮೈನ್‌ಗೆ ಬೇರೆಯಾಗಿಯೇ ಪ್ರಮಾಣೀಕರಿಸುತ್ತಾರೆ, ಆದ್ದರಿಂದ ಆ ಹೆಸರನ್ನು ಹುಡುಕಿ ಓದಿ. ಕಾರ್ಟ್ರಿಜ್‌ಗಳು 10 ಇಂಚಿನ ಸಾಮಾನ್ಯ ಅಳತೆಯವಾಗಿದ್ದರೆ ಮುಂದೆ ಯಾವ ಕಂಪನಿಯದನ್ನಾದರೂ ಹಾಕಬಹುದು. ತನ್ನದೇ ಆಕಾರದ ಕಾರ್ಟ್ರಿಜ್ ಇರುವ ಘಟಕವನ್ನು ಕೊಂಡರೆ ಪ್ರತಿ ವರ್ಷ ಆ ಒಂದೇ ಬಾಗಿಲಿಗೆ ಹೋಗಬೇಕು. ಪಾರದರ್ಶಕ ಕವಚ ಸಿಕ್ಕರೆ ಮಡ್ಡಿ ಫಿಲ್ಟರಿಗೆ ಒಳ್ಳೆಯದು, ಎಷ್ಟು ಕೊಳೆಯಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ನಲ್ಲಿಯಿಂದ ಫಿಲ್ಟರಿಗೆ, ಫಿಲ್ಟರಿನಿಂದ ಪಾತ್ರೆಗೆ ಹೋಗುವ ಕೊಳವೆ ಕುಡಿಯುವ ನೀರಿಗೆಂದೇ ಮಾಡಿದ್ದಾಗಿರಲಿ. ತೋಟಕ್ಕೆ ನೀರು ಬಿಡುವ ಕೊಳವೆಯ ರಬ್ಬರ್ ವಾಸನೆ ನೇರವಾಗಿ ಬಿಯರಿಗೆ ಇಳಿಯುತ್ತದೆ.

ಹೆಜ್ಜೆ 7: ಖಾಲಿ ನೀರಿಗೆ ಲವಣ ಮರಳಿಸಿ

ಆರ್‌ಓ ನೀರನ್ನು ಹಾಗೆಯೇ ಮ್ಯಾಶ್‌ಗೆ ಸುರಿಯಬಾರದು. ಯೀಸ್ಟ್ ಚೆನ್ನಾಗಿ ಕೂಡಿ ತಳ ಸೇರಲು, ಮ್ಯಾಶ್ ಪಿಎಚ್ ಇಳಿಯಲು 50 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು. ಎಲ್ಲವನ್ನೂ ಆರ್‌ಓದಿಂದಲೇ ತುಂಬಬೇಕೆಂದೂ ಇಲ್ಲ, ಕ್ಲೋರಿನ್ ತೆಗೆದ ನಲ್ಲಿ ನೀರನ್ನು ಬೆರೆಸಬಹುದು.

ಹಿಂದೆ ಹೇಳಿದ 250ರ ಕ್ಷಾರೀಯತೆಯ ನೀರನ್ನೇ ತೆಗೆದುಕೊಳ್ಳಿ. 6 ಲೀಟರ್ ನಲ್ಲಿ ನೀರಿಗೆ 24 ಲೀಟರ್ ಆರ್‌ಓ ನೀರು ಬೆರೆಸಿದರೆ ಕ್ಷಾರೀಯತೆ ಸುಮಾರು 50ಕ್ಕೆ, ಕ್ಯಾಲ್ಸಿಯಂ 12ಕ್ಕೆ ಇಳಿಯುತ್ತದೆ. ಅದಕ್ಕೆ 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, 3 ಗ್ರಾಂ ಜಿಪ್ಸಂ ಸೇರಿಸಿ. ಕ್ಯಾಲ್ಸಿಯಂ 70 ದಾಟುತ್ತದೆ. ಸೇರಿಸಿದ ಕ್ಲೋರೈಡ್ ಸುಮಾರು 64, ಸಲ್ಫೇಟ್ 56. ಈಗ ಕೋಲ್ಬಾಖ್ ಸೂತ್ರ ಹಾಕಿದರೆ ಉಳಿಕೆ ಕ್ಷಾರೀಯತೆ ಸೊನ್ನೆಗಿಂತ ಮೂರ್ನಾಲ್ಕು ಅಂಕ ಕೆಳಗೆ ಬರುತ್ತದೆ. ತಿಳಿ ಬಿಯರಿಗೆ ಹದವಾದ ನೀರು ಸಿದ್ಧ. ಮಾಲ್ಟಿನ ದುಂಡನೆಯ ಸಿಹಿ ಮುಂದೆ ಬರಬೇಕಾದರೆ ಕ್ಲೋರೈಡ್ ಹೆಚ್ಚಿಸಿ, ಹಾಪ್ಸ್‌ನ ಚುರುಕು ಕಹಿ ಬೇಕಾದರೆ ಜಿಪ್ಸಂ ಹೆಚ್ಚಿಸಿ. ಇಂಗ್ಲೆಂಡಿನ ಬರ್ಟನ್ ಊರಿನ ಪೇಲ್ ಏಲ್ ಬಿಯರ್‌ಗಳಿಗೆ ಹೆಸರು ತಂದದ್ದು ಅಲ್ಲಿನ ನೀರಿನಲ್ಲಿದ್ದ ಜಿಪ್ಸಂ. ಗ್ರಾಂನ ಹತ್ತನೇ ಭಾಗ ತೋರಿಸುವ ಸಣ್ಣ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಚಮಚದ ಅಳತೆ ನಂಬಿಕೆಗೆ ಯೋಗ್ಯವಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಹೆಜ್ಜೆ 8: ಜೋಡಿಸಿದ ದಿನ, ಆಮೇಲಿನ ದಿನಗಳು

ಹೊಸ ಕಾರ್ಬನ್ ಕಾರ್ಟ್ರಿಜ್‌ನಿಂದ ಮೊದಲು ಕಪ್ಪು ಪುಡಿ ಬರುತ್ತದೆ. ನೀರು ತಿಳಿಯಾಗುವವರೆಗೆ ಹರಿಯಬಿಡಿ. ಹೊಸ ಆರ್‌ಓ ಪೊರೆಯಲ್ಲಿ ಕೆಡದಂತೆ ಹಾಕಿದ ರಾಸಾಯನಿಕ ಇರುತ್ತದೆ. ತಯಾರಕರು ಹೇಳಿದಷ್ಟು ಹೊತ್ತಿನ ನೀರನ್ನು ಚೆಲ್ಲಿದ ಮೇಲೆಯೇ ಬಳಸಿ.

ಇಲ್ಲಿ ಟಿಡಿಎಸ್ ಮೀಟರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಒಳಬರುವ ನೀರು 400, ಹೊರಬರುವುದು 12 ಎಂದಾದರೆ ನೂರಕ್ಕೆ 97ರಷ್ಟು ತಡೆಯುತ್ತಿದೆ ಎಂದರ್ಥ. ಈ ಸಂಖ್ಯೆಯನ್ನು ಮೊದಲ ದಿನವೇ ಬರೆದಿಡಿ. ಮುಂದೆ ಅದು 90ಕ್ಕೆ ಇಳಿದಾಗ ಪೊರೆಯ ಕಾಲ ಮುಗಿಯಿತು ಎಂದು ತಿಳಿಯಿರಿ. ಘಟಕ ಕೆಲವು ದಿನ ಸುಮ್ಮನಿದ್ದ ಮೇಲೆ ಬರುವ ಮೊದಲ ಒಂದು ಲೀಟರಿನಲ್ಲಿ ಲವಣ ಹೆಚ್ಚಿರುತ್ತದೆ, ಪೊರೆಯ ಎರಡೂ ಬದಿ ಸಮನಾಗಲು ಹೊರಟಿರುತ್ತದೆ. ಆ ಒಂದು ಲೀಟರ್ ಚೆಲ್ಲಿ, ಬಳಿಕ ಅಳೆಯಿರಿ.

ಮಡ್ಡಿ, ಕಾರ್ಬನ್ ಕಾರ್ಟ್ರಿಜ್‌ಗಳನ್ನು ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಿ. ಕಡಿಮೆ ನೀರು ಸೋಸಿದ್ದೇನೆ, ಇನ್ನೂ ಹೊಸದಾಗಿದೆ ಎಂದು ಮುಂದೂಡಬೇಡಿ. ಕ್ಲೋರಿನ್ ಇಲ್ಲದ ಒದ್ದೆ ಇದ್ದಿಲು ಸೂಕ್ಷ್ಮಜೀವಿಗಳಿಗೆ ಹಾಯಾದ ಮನೆ. ತಿಂಗಳಿಗೊಮ್ಮೆ ಮಾತ್ರ ಬಿಯರ್ ಮಾಡುವವರಿಗೆ ಈ ಅಪಾಯ ಹೆಚ್ಚು. ನಾನು ಪ್ರತಿ ಸಲ ಕೆಲಸ ಮುಗಿದ ಮೇಲೆ ಕಾರ್ಬನ್ ಕವಚ ಬಿಚ್ಚಿ, ನೀರು ಬಸಿದು, ಕಾರ್ಟ್ರಿಜನ್ನು ಶುಭ್ರ ಬಟ್ಟೆಯ ಮೇಲೆ ನಿಲ್ಲಿಸಿ ಒಣಗಿಸುತ್ತೇನೆ. ಚೆನ್ನಾಗಿ ಒಣಗಿದ ಮೇಲೆ ಸ್ವಚ್ಛ ಚೀಲದಲ್ಲಿ ಕಟ್ಟಿಡುತ್ತೇನೆ. ಆರ್‌ಓ ಪೊರೆಗೆ ಇದು ಸಲ್ಲದು. ಒಮ್ಮೆ ಒದ್ದೆಯಾದ ಪೊರೆ ಒಣಗಿದರೆ ಹಾಳಾಗುತ್ತದೆ, ಅದನ್ನು ಕವಚದೊಳಗೆ ನೀರಿನಲ್ಲೇ ಬಿಟ್ಟು ವಾರಕ್ಕೊಮ್ಮೆ ಕೆಲವು ನಿಮಿಷ ನೀರು ಹಾಯಿಸಬೇಕು. ಕವಚದ ಅಂಚಿನ ರಬ್ಬರ್ ಉಂಗುರಕ್ಕೆ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಕಾರ್ಟ್ರಿಜ್ ಹಾಕಿದ ತಾರೀಖನ್ನು ಅಳಿಸದ ಶಾಯಿಯಿಂದ ಕವಚದ ಮೇಲೆಯೇ ಬರೆಯಿರಿ, ಪಕ್ಕದಲ್ಲಿ ಪ್ರತಿ ಬ್ಯಾಚ್‌ಗೆ ಒಂದು ಗೆರೆ ಎಳೆಯುತ್ತಾ ಹೋಗಿ.